ಪಿ16 ಎರಡು ಸಲವೂ ನೆಗೆಟಿವ್: ಸ್ಟೇನ್ ಕೈಕೊಟ್ಟಿತಾ?

ಪ್ರಶ್ನೆ (ಪೆಥಾಲಜಿ ಪಿಜಿ, 2ನೇ ವರ್ಷ):
ಗರ್ಭಕಂಠದ ಬಯಾಪ್ಸಿ. 48ರ ಮಹಿಳೆ, ತಿಂಗಳುಗಟ್ಟಲೆ ನೀರಿನಂತೆ ಬಿಳಿಮುಟ್ಟು. ಪ್ಯಾಪ್ (ಗರ್ಭಕಂಠದ ಸ್ಕ್ರೀನಿಂಗ್ ಪರೀಕ್ಷೆ) ನಾರ್ಮಲ್ ಬಂದಿತ್ತು. ಸ್ಲೈಡಿನಲ್ಲಿ ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶಗಳ ಕ್ಯಾನ್ಸರ್) ಅನ್ನೋದು ಖಚಿತ. ಪಿ16 (ಎಚ್‌ಪಿವಿ ವೈರಸ್‌ನಿಂದ ಬಂದ ಗೆಡ್ಡೆಯಲ್ಲಿ ಹೆಚ್ಚಾಗುವ ಪ್ರೋಟೀನ್, ಆಂಟಿಬಾಡಿ ಸ್ಟೇನ್‌ನಿಂದ ನೋಡುವಂಥದ್ದು) ನೆಗೆಟಿವ್. ಹೊಸ ಸೆಕ್ಷನ್ ಕತ್ತರಿಸಿ ಮತ್ತೆ ಮಾಡಿದೆ, ಅದೇ ಕಥೆ. ಆಂಟಿಬಾಡಿ ಬದಲಿಸಬೇಕಾ?

ಉತ್ತರ:
ಕಂಟ್ರೋಲ್‌ಗೆ ಹಾಕಿದ ಟಾನ್ಸಿಲ್‌ನ ಕ್ರಿಪ್ಟ್‌ಗಳಲ್ಲಿ ಅಲ್ಲಲ್ಲಿ ಬಣ್ಣ ಬಂದಿದೆಯಾ? ಬಂದಿದ್ದರೆ ಆಂಟಿಬಾಡಿಯನ್ನು ದೂರಬೇಡಿ. ಮತ್ತೆ ಎಚ್‌ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ ಸ್ಲೈಡ್) ನೋಡಿ. ಎಚ್‌ಪಿವಿಯಿಂದ ಬರುವ ಗೆಡ್ಡೆಯಲ್ಲಿ ಕೋಶದ ತುದಿಯಲ್ಲೇ ಮೈಟೋಸಿಸ್ (ಕೋಶ ವಿಭಜನೆ), ಸತ್ತ ಕೋಶದ ಚೂರುಗಳು ಕಡಿಮೆ ಪವರ್‌ನಲ್ಲೇ ಕಣ್ಣಿಗೆ ಹೊಡೆಯುತ್ತವೆ. ನಿಮ್ಮದರಲ್ಲಿ?

ಪ್ರಶ್ನೆ ಕೇಳಿದವರು:
ಕಂಟ್ರೋಲ್ ಚೆನ್ನಾಗಿದೆ. ಮೈಟೋಸಿಸ್ ಹುಡುಕಿದರಷ್ಟೇ ಸಿಗುತ್ತದೆ. ಸೈಟೋಪ್ಲಾಸಂ ಜಾಸ್ತಿ, ತೆಳು ಗುಲಾಬಿ, ಕೋಶಗಳ ಗಡಿ ಗೆರೆ ಎಳೆದಂತಿದೆ.

ಉತ್ತರ:
ಹಾಗಾದರೆ ಗ್ಯಾಸ್ಟ್ರಿಕ್ ಮಾದರಿ (ಜಠರದ ಗ್ರಂಥಿಗಳನ್ನು ಹೋಲುವ ಗೆಡ್ಡೆ) ಅಂತ ನನಗೆ ಬಲವಾದ ಅನುಮಾನ. 2020ರ ಡಬ್ಲ್ಯುಎಚ್‌ಒ ವರ್ಗೀಕರಣದಲ್ಲಿ ಎಚ್‌ಪಿವಿಗೆ ಸಂಬಂಧವಿಲ್ಲದ ಗುಂಪಿಗೆ ಸೇರಿದ್ದು. ಇಲ್ಲಿ ಪಿ16 ನೆಗೆಟಿವ್ ಆಗೋದೇ ಸಾಮಾನ್ಯ. ಕೆಲವು ಕೇಸುಗಳಲ್ಲಿ ಪಾಸಿಟಿವ್ ಕೂಡ ಬರುತ್ತದೆ, ಅದೊಂದನ್ನೇ ನಂಬಬೇಡಿ. ಮಕ್6 (ಜಠರದ ಲೋಳೆಯ ಪ್ರೋಟೀನ್), ಇಆರ್ (ಈಸ್ಟ್ರೋಜನ್ ರಿಸೆಪ್ಟರ್), ಪಿ53 (ಗೆಡ್ಡೆ ತಡೆಯುವ ಪ್ರೋಟೀನ್) ಸ್ಟೇನ್ ಹಾಕಿ. ಮಿಸೋನೆಫ್ರಿಕ್ (ಭ್ರೂಣದ ನಾಳದ ಅವಶೇಷದಿಂದ ಹುಟ್ಟುವ ಗೆಡ್ಡೆ) ಅನುಮಾನವಿದ್ದರೆ ಗಾಟಾ3 ಸ್ಟೇನ್, ಆ ಗೆಡ್ಡೆಯಲ್ಲಿ ಕೆರಾಸ್ ಜೀನಿನ ಮ್ಯುಟೇಶನ್ ಹೆಚ್ಚು.

ಪ್ರಶ್ನೆ ಕೇಳಿದವರು:
ಮಕ್6 ಪಾಸಿಟಿವ್, ಇಆರ್ ಇಲ್ಲ. ಪಿ53 ಗೆಡ್ಡೆಯಲ್ಲಿ ಒಂದು ಚೂರೂ ಇಲ್ಲ, ಪಕ್ಕದ ಸ್ಟ್ರೋಮಾ (ಆಧಾರ ಅಂಗಾಂಶ) ಕೋಶಗಳಲ್ಲಿ ತಿಳಿ ಕಂದು. ಪಿ53 ನಾರ್ಮಲ್ ಅಂತ ಬರೆಯಲಾ?

ಉತ್ತರ:
ದಯವಿಟ್ಟು ಬೇಡ! ನಾರ್ಮಲ್ ಪಿ53 ಅಂದರೆ ಕೆಲವು ಕೋಶ ಗಾಢ, ಕೆಲವು ತಿಳಿ, ಕೆಲವು ಖಾಲಿ. ಸ್ಟ್ರೋಮಾದಲ್ಲಿ ಬಣ್ಣ ಬಂದು ಗೆಡ್ಡೆ ಪೂರ್ತಿ ಖಾಲಿ ಇದ್ದರೆ ಅದು ನಲ್ ಪ್ಯಾಟರ್ನ್, ಮ್ಯುಟೇಶನ್‌ನ ಗುರುತು. ಎಷ್ಟೋ ರಿಪೋರ್ಟ್‌ಗಳು ಇಲ್ಲೇ ಎಡವುತ್ತವೆ.

ಇನ್ನೆರಡು ಮಾತು. ಜಠರ, ಮೇದೋಜೀರಕಾಂಗದಿಂದ ಹರಡಿದ ಗೆಡ್ಡೆಯೂ ಹೀಗೇ ಕಾಣಬಹುದು. ಸ್ಕ್ಯಾನ್ ನೋಡದೆ ಸಹಿ ಹಾಕಬೇಡಿ. ಆಕೆಯ ತುಟಿ, ಬಾಯೊಳಗೆ ಕಪ್ಪು ಚುಕ್ಕೆಗಳಿವೆಯಾ ಅಂತ ವಾರ್ಡಿಗೆ ಫೋನ್ ಮಾಡಿ ಕೇಳಿ. ಪ್ಯೂಟ್ಸ್-ಜೆಗರ್ಸ್ (ಇಂಥ ಚುಕ್ಕೆಗಳಿರುವ, ಈ ಗೆಡ್ಡೆಯ ಸಾಧ್ಯತೆ ಹೆಚ್ಚಿಸುವ ಆನುವಂಶಿಕ ಕಾಯಿಲೆ) ಇದ್ದರೆ ಎಸ್‌ಟಿಕೆ11 ಜೀನಿನ ದೋಷ ಮಕ್ಕಳಿಗೂ ಹೋಗಿರಬಹುದು.

ಪ್ರಶ್ನೆ ಕೇಳಿದವರು:
ಚುಕ್ಕೆ ಇಲ್ಲವಂತೆ. ಸ್ಕ್ಯಾನ್ ನಾಳೆ. ಅಲ್ಲಿವರೆಗೆ ರಿಪೋರ್ಟ್ ತಡೆಹಿಡಿದಿದ್ದೇನೆ.