ಎರಡನೆಯ ಗೆರೆ

ಗುಂಪು: ಹನುಮಂತನಗರದ ಮನೆಯವರು

ವೀಣಾ (ರಾತ್ರಿ 8:40): ಮುಂದೆ ಕಳುಹಿಸಿದ ಸಂದೇಶ – "ಗರ್ಭಪಾತದ ಮಾತ್ರೆ ನುಂಗಿದ ಮೂರನೆಯ ದಿನ ಮನೆಯಲ್ಲೇ ಮೂತ್ರ ಪರೀಕ್ಷಿಸಿ. ಎರಡು ಗೆರೆ ಬಂದರೆ ಮಾತ್ರೆ ಕೆಲಸ ಮಾಡಿಲ್ಲ, ಮತ್ತೆ ನುಂಗಿ. ಒಂದೇ ಗೆರೆಯಾದರೆ ವೈದ್ಯರ ಗೊಡವೆಯೇ ಬೇಡ. ಎಲ್ಲ ಹೆಣ್ಣುಮಕ್ಕಳಿಗೂ ತಲುಪಿಸಿ."

ರಘು ಮಾವ: ವೀಣಾ, ಅಜ್ಜಿಯೂ ಈ ಗುಂಪಿನಲ್ಲಿದ್ದಾರೆ. ನಾಳೆ ಗೌರಿ ಬಾಗಿನಕ್ಕೆ ಯಾರು ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಬೆಳಿಗ್ಗೆಯೇ ಕೇಳಿದ್ದೆ. ಅದಕ್ಕೆ ಯಾರದ್ದೂ ಉತ್ತರವಿಲ್ಲ.

ಸುಮಾ ಚಿಕ್ಕಮ್ಮ: ಅಮ್ಮನಿಗೆ ಏಳು ಹೆರಿಗೆಯಾಗಿದೆ ರಘು, ಅವಳು ಬೆಚ್ಚುವುದಿಲ್ಲ. ಮೂವತ್ತು ವರ್ಷ ನರ್ಸ್ ಆಗಿದ್ದ ನಾನು ಬೆಚ್ಚಿದ್ದೇನೆ. ಮಾತ್ರೆ ನುಂಗಿದ ಮೂರನೆಯ ದಿನ ಪರೀಕ್ಷಿಸಿದರೆ ಬಹುತೇಕ ಎಲ್ಲರಿಗೂ ಎರಡು ಗೆರೆಯೇ ಬರುತ್ತದೆ! ಅಂಗಡಿಯ ಕಿಟ್ ಗರ್ಭ ನಿಂತಾಗ ಮೈಯಲ್ಲಿ ಹುಟ್ಟುವ ಎಚ್‌ಸಿಜಿ ಹಾರ್ಮೋನು 25 ಯೂನಿಟ್ ಇದ್ದರೂ ಹಿಡಿಯುತ್ತದೆ. ಗರ್ಭ ಹೋದರೂ ಆ ಹಾರ್ಮೋನು ಮೆಲ್ಲಗೆ ಇಳಿಯುತ್ತದೆ. ಒಲೆ ಆರಿಸಿದ ಮೇಲೂ ಕಾವಲಿ ಬಿಸಿಯಿರುತ್ತದಲ್ಲ, ಹಾಗೆ. ನಾಲ್ಕು ವಾರವಾದರೂ ಗೆರೆ ಉಳಿದಿರಬಹುದು. ಇದನ್ನು ನಂಬಿ ಯಾವಳೋ ಮತ್ತೆ ಮಾತ್ರೆ ನುಂಗಿದರೆ ಗತಿಯೇನು?

ಗಿರೀಶ: ಅದಕ್ಕೇ ಹೇಳುವುದು ಚಿಕ್ಕಮ್ಮ, ಮನೆಯ ಪರೀಕ್ಷೆಯೆಲ್ಲ ಬೇಡ. ಹೋಗಿ ಸ್ಕ್ಯಾನ್ ಮಾಡಿಸಿದರೆ ಮುಗಿಯಿತು.

ಶಾಲಿನಿ: ಮುಗಿಯಿತೇ ಗಿರೀಶ? ನಾನು ಹೋಗಿದ್ದೇನೆ. 2019ರಲ್ಲಿ. ಮೂರು ಸಲ ಅರ್ಧ ದಿನದ ರಜೆ, ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ. "ಯಾವುದಕ್ಕೆ ಬಂದಿದ್ದು?" ಎಂದು ಕೌಂಟರಿನವನು ಇಡೀ ಸಾಲಿಗೆ ಕೇಳುವಂತೆ ಕೂಗಿದ. ಐದು ನಿಮಿಷ ಸ್ಕ್ಯಾನ್ ಮಾಡಿ, ಏನೂ ಇಲ್ಲ ಎಂದು ಕಳುಹಿಸಿದರು. ಅಷ್ಟಕ್ಕೆ ಅಷ್ಟು.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.

ವೀಣಾ: ಅಕ್ಕ, ನೀನು ಯಾರಿಗೂ ಹೇಳಲೇ ಇಲ್ಲವಲ್ಲ.

ಶಾಲಿನಿ: ಬಾಗಿನದ ದಿನ ಹೇಳಬೇಕಿತ್ತೇ?

ಸುಮಾ ಚಿಕ್ಕಮ್ಮ: ಗುಟ್ಟು ಕಾಪಾಡಬೇಕೆಂದು ಕಾನೂನಿನಲ್ಲೇ ಇದೆ ಶಾಲಿನಿ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂದ ಮೇಲಂತೂ ಇನ್ನೂ ಬಿಗಿ. ಆ ಕೌಂಟರಿನವನಿಗೆ ಯಾರು ಹೇಳಬೇಕು! ಗಿರೀಶ, ಮನೆಯ ಪರೀಕ್ಷೆ ಬೇಡವೆಂದು ನಾನು ಹೇಳಲಿಲ್ಲ. ಅದಕ್ಕೆ ಬೇರೆ ಕಿಟ್ ಇದೆ. 1000 ಯೂನಿಟ್‌ಗಿಂತ ಕಡಿಮೆಯಿದ್ದರೆ ಎರಡನೆಯ ಗೆರೆ ತೋರಿಸದ ಬಗೆಯದನ್ನು ಎರಡು ವಾರದ ನಂತರ ನೋಡಬೇಕು. ಇನ್ನೊಂದರಲ್ಲಿ 25ರಿಂದ 10,000ದವರೆಗೆ ಮೆಟ್ಟಿಲುಗಳಿವೆ. ಮೊದಲ ಮಾತ್ರೆಯ ದಿನ ಒಮ್ಮೆ, ವಾರದ ನಂತರ ಒಮ್ಮೆ ನೋಡಿ, ಇಳಿದಿದೆಯೇ ಎಂದು ಹೋಲಿಸುವುದು. ರಾಜಸ್ಥಾನದಲ್ಲಿ ಹಳ್ಳಿಯ ಹೆಂಗಸರೂ ಹೀಗೆ ತಾವೇ ನೋಡಿಕೊಳ್ಳಬಲ್ಲರೆಂದು ಅಧ್ಯಯನದಲ್ಲಿ ಕಂಡಿದೆ. ಸರಿಯಾಗಿ ತಿಳಿಸಿ ಹೇಳಿದ್ದರೆ ಎಲ್ಲರೂ ಮತ್ತೆ ಬರಲೇಬೇಕೆಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಹೇಳಿದೆ. ಆದರೆ ಗಾಂಧಿಬಜಾರಿನ ಔಷಧದ ಅಂಗಡಿಯಲ್ಲಿ ಕಿಟ್ ಕೊಡಿ ಎಂದರೆ ಕೈಗಿಡುವುದು ಆ ಮಾಮೂಲಿಯದು. ಮಾತ್ರೆ ಕೊಡುವ ವೈದ್ಯರನ್ನೇ ಕೇಳಬೇಕು.

ಗಿರೀಶ: ಗೆರೆ ಸರಿಯಿದ್ದೂ ಒಳಗೆ ಏನಾದರೂ ಆಗಿದ್ದರೆ?

ಸುಮಾ ಚಿಕ್ಕಮ್ಮ: ಈಗ ಸರಿಯಾದ ಪ್ರಶ್ನೆ ಕೇಳಿದೆ. ಗಂಟೆಗೆ ಎರಡು ಪ್ಯಾಡ್‌ನಂತೆ ಸತತ ಎರಡು ಗಂಟೆ ತೋಯ್ದರೆ, ಜ್ವರ ಒಂದು ದಿನ ದಾಟಿದರೆ, ತಲೆ ಸುತ್ತಿದರೆ, ಒಂದೇ ಪಕ್ಕಕ್ಕೆ ಜೋರು ನೋವು ಬಂದರೆ ಗೆರೆ ಏನೇ ಇರಲಿ, ಆಸ್ಪತ್ರೆಗೆ ಓಡಬೇಕು. ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ಕೂತಿದ್ದರೆ ಈ ಮಾತ್ರೆ ಅದನ್ನು ತೆಗೆಯುವುದಿಲ್ಲ. ರಕ್ತಸ್ರಾವವೇ ಆಗದಿದ್ದರೂ ಹೋಗಬೇಕು.

ವೀಣಾ: ಸಂದೇಶ ಅಳಿಸಿಬಿಡುತ್ತೇನೆ.

ಸುಮಾ ಚಿಕ್ಕಮ್ಮ: ಬೇರೆ ಎಷ್ಟು ಗುಂಪಿಗೆ ಕಳುಹಿಸಿದ್ದೀಯ?

ವೀಣಾ: ನಾಲ್ಕು.

ಸುಮಾ ಚಿಕ್ಕಮ್ಮ: ನಾನು ಬರೆದದ್ದನ್ನು ಆ ನಾಲ್ಕಕ್ಕೂ ಕಳುಹಿಸು. ಶಾಲಿನಿಯ ಮಾತು ಮಾತ್ರ ಈ ಮನೆಯಾಚೆ ಹೋಗಬಾರದು.

ರಘು ಮಾವ: ಶಾಲಿನಿ, ನಾಳೆ ಎಷ್ಟು ಹೊತ್ತಿಗೆ? ಕಾರು ತರುತ್ತೇನೆ.

ಶಾಲಿನಿ: ಬೇಡ ಮಾವ, ಮೆಟ್ರೋದಲ್ಲಿ ಬರುತ್ತೇನೆ. ಹೋಳಿಗೆ ಎತ್ತಿಡಿ.