ಸಹಾಯ ಬೇಕು: ಮಗಳಿಗೆ ಮಿಷನ್ ಸಾಲಿ ಬಗ್ಗೆ

ನಮಸ್ಕಾರ್ರೀ ಎಲ್ಲಾರಿಗೂ, ಮಗಳನ್ನ ಒಂದನೇತ್ತಾಕ ಹಚ್ಚಬೇಕು, ಧಾರವಾಡ ಇಲ್ಲಾ ಹುಬ್ಬಳ್ಳಿ ಒಳಗ ಕ್ರಿಶ್ಚಿಯನ್ ಮಿಷನ್‌ನೋರು ನಡಸೋ ಹೆಣ್ಮಕ್ಕಳ ಪ್ರೈಮರಿ ಸಾಲಿಗೆ ನಿಮ್ಮ ಮಕ್ಕಳು ಹೋಗ್ತಿದ್ರ ಸ್ವಲ್ಪ ಹೇಳ್ರಿ. ಬಾಸೆಲ್ ಮಿಷನ್ ಅನ್ನೋ ಸ್ವಿಟ್ಜರ್ಲೆಂಡ್‌ನ ಕ್ರಿಶ್ಚಿಯನ್ ಸಂಸ್ಥೆಯೋರು 1837ರಾಗ ಧಾರವಾಡಕ್ಕ ಬಂದೋರು, ಹೆಣ್ಮಕ್ಕಳ ಓದಿಗೆ ಮಿಷನ್ ಸಾಲಿಗಳು ಭಾಳ ದುಡದಾವ, ಆ ಗೌರವ ನನಗ ಐತಿ. ಮಾರ್ಕ್ಸ್ ಅಷ್ಟ ಅಲ್ಲ, ಹಾಡು, ಚಿತ್ರ, ಆಟ, ಇನ್ನೊಬ್ಬರ ಕಷ್ಟ ತಿಳ್ಕೊಳ್ಳೋದು ಇದೆಲ್ಲಾ ಆಕಿ ಕಲೀಬೇಕು ಅನ್ನೋದು ನನ್ನಾಸೆ. ವ್ಯಾಲ್ಯೂ ಎಜುಕೇಶನ್ ಪೀರಿಯಡ್ ಖರೇನ ನಡೀತಾವೇನು, ಇಲ್ಲಾ ಎಕ್ಸಾಂ ಬಂತಂದ್ರ ಗಣಿತಕ್ಕ ಹೋಗ್ತಾವೇನು? ಪ್ರೇಯರ್‌ಗೆ ನಮ್ಮ ತಕರಾರಿಲ್ಲ, ಆದ್ರ ಧಾರ್ಮಿಕ ಪಾಠಕ್ಕ ಸಂವಿಧಾನದ 28ನೇ ವಿಧಿ ಪ್ರಕಾರ ಪಾಲಕರ ಒಪ್ಪಿಗಿ ಬೇಕಲ್ಲಾ, ಅದನ್ನ ಮೊದಲ ಕೇಳ್ತಾರೇನು? ಅಲ್ಪಸಂಖ್ಯಾತ ಸಾಲಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಫ್ರೀ ಸೀಟ್ ಇರಂಗಿಲ್ಲ, ಹಂಗಾಗಿ ಫೀ ಎಷ್ಟಂತನೂ ತಿಳಿಸ್ರಿ.