ಬಿಸಿಒಪಿ ಸ್ಕೋರ್ 21, ಎಪಿಆಕ್ಯುಲರ್ 34%: ಲೇಬಲ್ ಮೇಲೆ ಕಣ್ಣಿನ ಯಾವ ವರ್ಗ ಹಾಕಬೇಕು?

ದ್ರಾವಕ_ಪೀಣ್ಯ:
ಎಲ್ಲರಿಗೂ ನಮಸ್ಕಾರ. ಯೂರೋಪಿಗೆ ಕಳಿಸುವ ಒಂದು ದ್ರಾವಕಕ್ಕೆ ಸುರಕ್ಷತಾ ಮಾಹಿತಿ ಪತ್ರ, ಅಂದರೆ ಎಸ್‌ಡಿಎಸ್ ಸಿದ್ಧವಾಗಬೇಕಿದೆ. ಕೀಟೋನ್ ಗುಂಪಿನ ಬಣ್ಣವಿಲ್ಲದ ದ್ರವ, ಶುದ್ಧತೆ 99%, ನೀರಲ್ಲಿ ಕರಗಿಸಿದರೆ ಪಿಎಚ್ 6.5. ಸರ್ಫ್ಯಾಕ್ಟಂಟ್ (ಸಾಬೂನಿನಂಥ ವಸ್ತು) ಅಲ್ಲ. ಎರಡು ವರದಿ ಬಂದಿವೆ.

ದನದ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಪರೀಕ್ಷೆ ಬಿಸಿಒಪಿ, ಅಂದರೆ ಒಇಸಿಡಿ ಮಾರ್ಗಸೂಚಿ 437: ಮಬ್ಬಿನ ಸರಾಸರಿ 12, ಫ್ಲೋರೆಸೀನ್ ಓಡಿ (ಕಾರ್ನಿಯಾ ದಾಟಿ ಬಂದ ಬಣ್ಣದ ಅಳತೆ) 0.6, ಒಟ್ಟು ಸ್ಕೋರ್ 21. ಮೂರು ಕಾರ್ನಿಯಾಗಳದ್ದು ಬಿಡಿಯಾಗಿ 9, 12, 42.
ಎಪಿಆಕ್ಯುಲರ್ (ಪ್ರಯೋಗಾಲಯದಲ್ಲಿ ಬೆಳೆಸಿದ ಕಾರ್ನಿಯಾದಂಥ ಅಂಗಾಂಶದ ಪರೀಕ್ಷೆ), ಒಇಸಿಡಿ 492: ಬದುಕುಳಿದ ಜೀವಕೋಶ 34%.

ಎರಡರಲ್ಲೂ ಕೊನೆಗೆ "ವರ್ಗ ಹೇಳಲಾಗದು" ಎಂದೇ ಬರೆದಿದ್ದಾರೆ. ವರ್ಗ 1 (ಕಣ್ಣಿಗೆ ಗಂಭೀರ ಹಾನಿ) ಅಲ್ಲ, ವರ್ಗವಿಲ್ಲದ್ದೂ ಅಲ್ಲ ಎಂದಮೇಲೆ ನಡುವಿನ ವರ್ಗ 2 (ಕಣ್ಣಿನ ಉರಿ) ಎಂದು ಹಾಕಿಬಿಡಬಹುದೇ?

ಕಾರ್ನಿಯಾ_32:
ಹಾಕುವಂತಿಲ್ಲ ಸರ್. ಬಹಳ ಜನ ಎಡವುವ ಜಾಗವೇ ಇದು.

ಬಿಸಿಒಪಿಯಲ್ಲಿ 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ವರ್ಗವಿಲ್ಲ, 55 ದಾಟಿದರೆ ವರ್ಗ 1. ನಡುವಿನದ್ದು ವರ್ಗ 2ರ ಪಟ್ಟಿ ಅಲ್ಲ. ಪರೀಕ್ಷೆ ಅಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಆ ನಡುವಿನ ಜಾಗದಲ್ಲಿ ಮೂರೂ ಬಗೆಯ ವಸ್ತುಗಳು ಸಿಗುತ್ತವೆ. ಅದರಲ್ಲೂ ಆಲ್ಕೋಹಾಲ್ ಮತ್ತು ಕೀಟೋನ್‌ಗಳು ಈ ಪರೀಕ್ಷೆಯಲ್ಲಿ ಇರುವುದಕ್ಕಿಂತ ಉಗ್ರವಾಗಿ ಕಾಣುತ್ತವೆ ಎಂಬುದು ಮಾರ್ಗಸೂಚಿಯಲ್ಲೇ ಇದೆ. ನಿಮ್ಮದು ಕೀಟೋನ್.

492 ಕೂಡ ಒಂದೇ ದಿಕ್ಕಿನಲ್ಲಿ ಮಾತಾಡುತ್ತದೆ. 60% ದಾಟಿದರೆ ವರ್ಗವಿಲ್ಲ ಎನ್ನಬಹುದು. 60% ಅಥವಾ ಅದಕ್ಕಿಂತ ಕೆಳಗಿದ್ದರೆ ವರ್ಗ 1 ಮತ್ತು 2ನ್ನು ಅದು ಬೇರ್ಪಡಿಸದು. ಕಾರಣ ಸರಳ. ಮೊಲದ ಕಣ್ಣಿನ ಹಳೆಯ ಡ್ರೇಜ್ ಪರೀಕ್ಷೆಯಲ್ಲಿ ವರ್ಗ 1 ಬರುವುದು ಎರಡು ದಾರಿಯಲ್ಲಿ: ಮೊದಲ ಮೂರು ದಿನದ ಗಾಯವೇ ತೀವ್ರವಾಗಿರುವುದು, ಇಲ್ಲವೇ ಗಾಯ 21 ದಿನವಾದರೂ ವಾಸಿಯಾಗದಿರುವುದು. ಗಾಜಿನ ತಟ್ಟೆಯಲ್ಲಿರುವ ಅಂಗಾಂಶ 21 ದಿನ ಕಾಯುವುದಿಲ್ಲ. ಗಾಯ ಎಷ್ಟು ಆಳಕ್ಕೆ ಇಳಿದಿದೆ ಎಂಬುದರಿಂದ ವಾಸಿಯಾಗುವುದನ್ನು ಅಂದಾಜು ಮಾಡಬೇಕು. ಮೇಲಿನ ಎಪಿಥೀಲಿಯಮ್ ಮಾತ್ರ ಇರುವ ಮಾದರಿ ಆ ಆಳವನ್ನು ತೋರಿಸಲಾರದು.

ನೀಲಿ_ಎಂಟಿಟಿ:
ವರ್ಗದ ಮಾತಿಗೆ ಮೊದಲು 42 ಬಂದ ಆ ಒಂದು ಕಾರ್ನಿಯಾ ನೋಡಿ. ಮೂರೂ 3ರಿಂದ 55ರ ಒಳಗೇ ಇವೆ, ಹಾಗಾಗಿ ನಿಯಮದ ಪ್ರಕಾರ ಪರೀಕ್ಷೆ ಸಿಂಧು. ಆದರೆ 9 ಮತ್ತು 12ರ ಪಕ್ಕದಲ್ಲಿ 42 ನಿಂತಾಗ ಯಾಕೆ ಎಂದು ಕೇಳಲೇಬೇಕು. ಸ್ಕೋರ್ ಅಂದರೆ ಮಬ್ಬು + 15 × ಓಡಿ. ಓಡಿಯಲ್ಲಿ 1 ಏರಿದರೆ ಸ್ಕೋರ್ 15 ಏರುತ್ತದೆ. ಬಿಡಿ ಅಂಕಿಗಳನ್ನು ಹಾಕುತ್ತೀರಾ?

ಓಡಿ ಮಾತ್ರ ಹಾರಿದ್ದರೆ ಹೋಲ್ಡರಿನ ರಿಂಗ್ ಅಂಚಿನಲ್ಲಿ ಫ್ಲೋರೆಸೀನ್ ಸೋರಿರಬಹುದು, ಇಲ್ಲವೇ ಕಾರ್ನಿಯಾ ಕತ್ತರಿಸುವಾಗ ಒಳಗಿನ ಎಂಡೋಥೀಲಿಯಮ್‌ಗೆ ಚಿಮಟ ತಾಗಿರಬಹುದು. ಸುತ್ತ 2–3 ಮಿ.ಮೀ. ಸ್ಕ್ಲೀರಾ ಅಂಚು ಬಿಡುವುದು ಅದಕ್ಕೇ, ಹಿಡಿಯುವುದು ಆ ಅಂಚನ್ನು. ಎರಡೂ ಏರಿದ್ದರೆ ಕಥೆ ಬೇರೆ.

ಎಂಟಿಟಿ (ಎಪಿಆಕ್ಯುಲರ್ ಪರೀಕ್ಷೆಯಲ್ಲಿ ಬದುಕಿರುವ ಜೀವಕೋಶ ನೀಲಿಯಾಗಿಸುವ ಬಣ್ಣ) ಕಡೆಯೂ ಒಂದು ತಪಾಸಣೆ ಬೇಕು. ಮಿ.ಲೀ.ಗೆ 1 ಮಿ.ಗ್ರಾಂ ಎಂಟಿಟಿ ಇರುವ 1 ಮಿ.ಲೀ. ದ್ರಾವಣಕ್ಕೆ ವಸ್ತು 50 ಮೈಕ್ರೋಲೀಟರ್ ಹಾಕಿ 37 ಡಿಗ್ರಿಯಲ್ಲಿ ಮೂರು ಗಂಟೆ ಇಡಿ. ನೀಲಿ ಅಥವಾ ನೇರಳೆಗೆ ತಿರುಗಿದರೆ ವಸ್ತುವೇ ಎಂಟಿಟಿಯನ್ನು ಅಪಕರ್ಷಿಸುತ್ತಿದೆ ಎಂದರ್ಥ, ಹೆಪ್ಪುಗಟ್ಟಿಸಿ ಕೊಂದ ಅಂಗಾಂಶದ ಕಂಟ್ರೋಲ್ ಬೇಕಾಗುತ್ತದೆ. ಈ ದೋಷ ಸಂಖ್ಯೆಯನ್ನು ಮೇಲಕ್ಕೆ ಎತ್ತುತ್ತದೆ, ಕೆಳಗಿಳಿಸುವುದಿಲ್ಲ. ಹಾಗಾಗಿ ನಿಮ್ಮ 34% ನಿಜದಲ್ಲಿ ಇನ್ನೂ ಕಡಿಮೆಯಿದ್ದರೂ ತೀರ್ಮಾನ ಅದೇ. ಆದರೆ ಆವಿಯಾಗುವ ದ್ರವದ ಹಬೆ ಪಕ್ಕದ ಬಾವಿಯ ಅಂಗಾಂಶವನ್ನೂ ಕೊಲ್ಲಬಲ್ಲದು. ನೆಗೆಟಿವ್ ಕಂಟ್ರೋಲನ್ನು ಬೇರೆ ತಟ್ಟೆಯಲ್ಲಿ ಇಟ್ಟಿದ್ದರೇ ಎಂದು ಪ್ರಯೋಗಾಲಯವನ್ನು ಕೇಳಿ.

ದ್ರಾವಕ_ಪೀಣ್ಯ:
ಮಬ್ಬು 4.5, 6, 25.5. ಓಡಿ 0.3, 0.4, 1.1.

ನೀಲಿ_ಎಂಟಿಟಿ:
ಹಾಗಾದರೆ ಬರೀ ಸೋರಿಕೆ ಅಲ್ಲ, ಮಬ್ಬು ಸೋರಿಕೆಯಿಂದ ಏರುವುದಿಲ್ಲ. ಆ ಕಾರ್ನಿಯಾಗೆ ನಿಜವಾಗಿ ಹೆಚ್ಚು ಪೆಟ್ಟು ಬಿದ್ದಿದೆ. ಮೂರು ಕಡೆ ನೋಡಿ.

ಒಂದು, ಆರಂಭದ ಮಬ್ಬಿನ ಓದು. 32 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟ ಮೇಲೆ 7 ದಾಟಿದ ಕಾರ್ನಿಯಾವನ್ನು ಎಸೆಯಬೇಕು. 6.8 ಇದ್ದದ್ದನ್ನು ಉಳಿಸಿಕೊಂಡಿದ್ದರೆ ಅನುಮಾನ ಸಹಜ.

ಎರಡು, ತೊಳೆತ. ದ್ರವಕ್ಕೆ 750 ಮೈಕ್ರೋಲೀಟರ್, 10 ನಿಮಿಷ, ಆಮೇಲೆ ಫೀನಾಲ್ ರೆಡ್ (ಪಿಎಚ್ ಸೂಚಕ ಬಣ್ಣ) ಇರುವ ಪೋಷಕ ದ್ರವ ಇಎಂಇಎಮ್‌ನಿಂದ ಕನಿಷ್ಠ ಮೂರು ಸಲ. ಆಮ್ಲ, ಕ್ಷಾರವಾದರೆ ಬಣ್ಣ ಬದಲಾಗುವುದು ನಿಂತಾಗ ಸಾಕು ಎಂದು ಗೊತ್ತಾಗುತ್ತದೆ. ನಿಮ್ಮ ವಸ್ತು ತಟಸ್ಥ, ಬಣ್ಣ ಏನನ್ನೂ ಹೇಳದು. ಉಳಿದುಕೊಂಡರೆ ಮುಂದಿನ ಎರಡು ಗಂಟೆಯ ಇನ್‌ಕ್ಯುಬೇಶನ್ ಪೂರ್ತಿ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಮೂರು, ಗುಳ್ಳೆ. ಹಿಂದಿನ ಕೋಣೆಯನ್ನು ಮೊದಲು ತುಂಬಿಸಬೇಕು, ಆಗಲೇ ಕಾರ್ನಿಯಾದ ಸಹಜ ಬಾಗು ಉಳಿಯುವುದು. ಮುಂದಿನ ಕೋಣೆಯಲ್ಲಿ ಗುಳ್ಳೆ ಕೂತರೆ ಅಷ್ಟು ಜಾಗಕ್ಕೆ ವಸ್ತು ತಾಗುವುದೇ ಇಲ್ಲ. ಅಂದರೆ 9 ಮತ್ತು 12 ಬಂದವೇ ತಪ್ಪಾಗಿರಲೂಬಹುದು, 42 ಸರಿಯಿರಬಹುದು! ದೂರ ನಿಂತದ್ದನ್ನೇ ಬಿಸಾಡಬೇಡಿ. ಹೊಸ ಮೂರು ಕಾರ್ನಿಯಾದಲ್ಲಿ ಮತ್ತೆ ಮಾಡಿಸಿ, ಹಳೆಯದನ್ನೂ ವರದಿಯಲ್ಲಿ ಉಳಿಸಿ.

ವರ್ಗ_ಮತ್ತು_ಲೇಬಲ್:
ಮತ್ತೆ ಮಾಡಿಸುವುದಾದರೆ ಲೇಸರ್ ಒಪ್ಯಾಸಿಟೋಮೀಟರ್ (ಮಬ್ಬು ಅಳೆಯುವ ಉಪಕರಣ) ಇರುವ ಕಡೆ ಮಾಡಿಸಿ. 2022ರ ಒಇಸಿಡಿ 467 ನಿಮ್ಮ ಪ್ರಶ್ನೆಗೇ ಬಂದದ್ದು. ಸರ್ಫ್ಯಾಕ್ಟಂಟ್ ಅಲ್ಲದ, ಬೆರಕೆಯಿಲ್ಲದ ದ್ರವಗಳಿಗೆ ಅದರಲ್ಲಿ ಒಂದು ನಿಗದಿತ ದಾರಿಯಿದೆ: ವಸ್ತುವಿನ ಭೌತಿಕ ಗುಣಗಳು, 492ರಂಥ ಅಂಗಾಂಶ ಪರೀಕ್ಷೆ, ಲೇಸರ್ ಬಿಸಿಒಪಿ ಮೂರನ್ನೂ ಕೂಡಿಸಿ ವರ್ಗ 1, ವರ್ಗ 2, ವರ್ಗವಿಲ್ಲ ಎಂದು ಬೇರ್ಪಡಿಸುತ್ತದೆ. ಆ ದಾರಿಯಲ್ಲಿ ಮಾತ್ರ "ಎರಡೂ ಅಲ್ಲ, ಆದ್ದರಿಂದ 2" ಎಂಬ ವಾದಕ್ಕೆ ಬೆಲೆ. ಹಳೆಯ ಉಪಕರಣದ 21ನ್ನು ತಂದು ಅದರೊಳಗೆ ತುರುಕಬೇಡಿ. ಹಳೆಯದು ಮುಖ್ಯವಾಗಿ ಕಾರ್ನಿಯಾದ ನಡುಭಾಗ ಓದುತ್ತದೆ, ಲೇಸರ್ ಇಡೀ ಕಾರ್ನಿಯಾ ಓದುತ್ತದೆ, ಗಡಿ ಸಂಖ್ಯೆಗಳೂ ಬೇರೆ.

ಸುರಕ್ಷತೆಗೆಂದು ಸುಮ್ಮನೆ ವರ್ಗ 1 ಹಾಕಿಬಿಡೋಣ ಎನ್ನುವವರೂ ಇದ್ದಾರೆ. ಅದರ ಹೊರೆ ಕೊಳ್ಳುವವರ ಮೇಲೆ ಬೀಳುತ್ತದೆ. ವರ್ಗ 1ರ ಘಟಕ 3% ಮುಟ್ಟಿದರೆ ಇಡೀ ಮಿಶ್ರಣವೇ ವರ್ಗ 1, ವರ್ಗ 2ರದ್ದಾದರೆ ಮಿಶ್ರಣ ವರ್ಗ 2 ಆಗುವುದು 10%ಕ್ಕೆ. ವರ್ಗ 1ರ ಅಪಾಯ ಸಂಕೇತ ಎಚ್318 ಜೊತೆಗೆ ನಾಶಕಾರಿ (ಕೊರೆಯುವ ವಸ್ತು) ಚಿತ್ರ, "ಅಪಾಯ" ಪದ. ವರ್ಗ 2ರ ಎಚ್319 ಆದರೆ ಆಶ್ಚರ್ಯಚಿಹ್ನೆ, "ಎಚ್ಚರಿಕೆ". ಯೂರೋಪಿನಲ್ಲಿ 2ಎ, 2ಬಿ ಎಂಬ ಒಳಭಾಗ ಇಲ್ಲ, ಹಾಗಾಗಿ ಏಳು ದಿನದಲ್ಲಿ ವಾಸಿಯಾಗುತ್ತದೋ ಇಲ್ಲವೋ ಎಂಬ ತಲೆನೋವು ನಿಮಗಿಲ್ಲ.

ದ್ರಾವಕ_ಪೀಣ್ಯ:
ಕರ್ನಾಟಕದಲ್ಲೇ ಮಾಡಿಸೋಣ ಎಂದರೆ ದನದ ಕಣ್ಣು ಸಿಗುವುದಿಲ್ಲ ಎನ್ನುತ್ತಾರೆ. ಕೋಳಿ ಕಣ್ಣಿನ ಪರೀಕ್ಷೆ ನಡೆಯುತ್ತದೆಯೇ?

ಕಾರ್ನಿಯಾ_32:
ಸಿಗುವುದಿಲ್ಲ ಎಂಬುದು ನಿಜವೇ. 2020ರ ಜಾನುವಾರು ವಧೆ ನಿಷೇಧ ಕಾಯ್ದೆಯಡಿ ಇಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಧೆಗೆ ಅವಕಾಶ. ಬಿಸಿಒಪಿಗೆ ಸಾಮಾನ್ಯವಾಗಿ ಬಳಸುವುದು 12ರಿಂದ 60 ತಿಂಗಳ ದನದ ಕಣ್ಣು. ವಯಸ್ಸಾದ ಪ್ರಾಣಿಯ ಕಾರ್ನಿಯಾ ದೊಡ್ಡದು, ದಪ್ಪ.

ಕೋಳಿ ಕಣ್ಣಿನದು ಒಇಸಿಡಿ 438. ಸುಮಾರು ಏಳು ವಾರದ, 1.5–2.5 ಕೆ.ಜಿ. ಹಕ್ಕಿಯ ತಲೆಯನ್ನು ತಂಪು ಮಾಡದೆ ಎರಡು ಗಂಟೆಯೊಳಗೆ ತರಬೇಕು. ಬಿಸಿನೀರಲ್ಲಿ ಅದ್ದಿ ರೆಕ್ಕೆಪುಕ್ಕ ಕೀಳುವ ಅಂಗಡಿಯದಾದರೆ ಅದ್ದುವ ಮೊದಲೇ ತಲೆ ತೆಗೆಸಿ, ಬಿಸಿನೀರು ತಾಗಿದ ಕಾರ್ನಿಯಾ ಕೆಲಸಕ್ಕೆ ಬಾರದು. ಫ್ಲೋರೆಸೀನ್ ಅಥವಾ ಮಬ್ಬಿನ ಅಂಕ 0.5 ದಾಟಿದ ಕಣ್ಣು ಬೇಡ. ದಪ್ಪ ಸರಾಸರಿಯಿಂದ 10%ಕ್ಕಿಂತ ಹೆಚ್ಚು ದೂರವಿದ್ದರೂ ಬೇಡ. ವಸ್ತು 30 ಮೈಕ್ರೋಲೀಟರ್, ಬರೀ 10 ಸೆಕೆಂಡ್, ಆಮೇಲೆ 20 ಮಿ.ಲೀ. ಸಲೈನಿನಿಂದ ತೊಳೆತ. ಮಬ್ಬು, ಊತವನ್ನು 30, 75, 120, 180, 240ನೇ ನಿಮಿಷಕ್ಕೆ ಸ್ಲಿಟ್ ಲ್ಯಾಂಪಿನಲ್ಲಿ ಓದಬೇಕು, ಫ್ಲೋರೆಸೀನ್ ಮಾತ್ರ 30ಕ್ಕೆ.

ಆದರೆ ನಿಮ್ಮ ಕೆಲಸಕ್ಕೆ ಇದನ್ನು ನಾನು ಹೇಳುವುದಿಲ್ಲ. 438 ಒಂದೇ ಕೊಟ್ಟರೂ ನಡುವಿನ ಜಾಗದಲ್ಲಿ ಅದೇ ಮೌನ, ಮತ್ತು ಮೇಲೆ ಹೇಳಿದ 467ರ ದಾರಿ ಕೇಳುವುದು ಲೇಸರ್ ಬಿಸಿಒಪಿಯನ್ನೇ. ಮಾದರಿಯನ್ನು ಹೊರರಾಜ್ಯದ, ಉತ್ತಮ ಪ್ರಯೋಗಾಲಯ ಪದ್ಧತಿ ಪಾಲಿಸುವ ಜಿಎಲ್‌ಪಿ ಪ್ರಯೋಗಾಲಯಕ್ಕೆ ಕಳಿಸಿ. ಕಳಿಸುವ ಮೊದಲು ಲಾಗ್‌ಪಿ (ಎಣ್ಣೆ-ನೀರಿನ ನಡುವೆ ಹಂಚಿಕೆಯ ಅಳತೆ), ಆವಿಯ ಒತ್ತಡ, ನೀರಲ್ಲಿ ಕರಗುವಿಕೆ, ಮೇಲ್ಮೈ ಸೆಳೆತ ಈ ನಾಲ್ಕೂ ಕೈಯಲ್ಲಿರಲಿ. ಇವಿಲ್ಲದೆ 467ರಲ್ಲಿ ಒಂದು ಹೆಜ್ಜೆಯೂ ಇಡಲಾಗದು.